ಏಳು ವರ್ಷದ ಲೆಕ್ಕ

ಮಾವಿನ ಕಾಲ ಮುಗಿದು ಮೊದಲ ಮಳೆ ನೆಲಕ್ಕೆ ಬೀಳುವ ಹೊತ್ತಿಗೆ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಚಿಂತೆ ವರ್ಷವರ್ಷವೂ ತಪ್ಪದೆ ತಲೆಯೆತ್ತುತ್ತದೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಿರುತ್ತದೆ. ಪ್ರವೇಶ ಪರೀಕ್ಷೆಗಳೂ ಮುಗಿದಿರುತ್ತವೆ. ಮಗನೋ ಮಗಳೋ ಒಳ್ಳೆಯ ಅಂಕಗಳನ್ನೇ ಪಡೆದಿರುತ್ತಾರೆ. ಆದರೂ ತಂದೆಯವರು ಕಾಗದಪತ್ರಗಳ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಊರಿಂದೂರಿಗೆ ಅಲೆಯುತ್ತಿರುತ್ತಾರೆ. ‘ನಮ್ಮ ಮಕ್ಕಳಿಗೆ ಆಚೆಯ ಸರ್ಕಾರಿ ಕಾಲೇಜಿನಲ್ಲಿ ಸ್ಥಾನ ದೊರೆಯುವ ಸಂಭವ ಎಷ್ಟು?’ ಎಂಬ ಪ್ರಶ್ನೆಯನ್ನು ಕೇಳದ ಕುಟುಂಬ ನಮ್ಮ ವಾಚಕವರ್ಗದಲ್ಲಿ ವಿರಳವೆಂದೇ ಹೇಳಬೇಕು. ಈ ತಿಂಗಳು ನಾವು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದೇವೆ.

ಇದಕ್ಕೆ ಕಾರಣವೊಂದುಂಟು. ಕಳೆದ ತಿಂಗಳು ಜತ್ತ ತಾಲ್ಲೂಕಿನ ಹಳ್ಳಿಯೊಂದರಿಂದ ರೈತರೊಬ್ಬರು ನಮ್ಮನ್ನು ಕಾಣಲು ಬಂದಿದ್ದರು. ಜೊತೆಯಲ್ಲಿ ಅವರ ಮಗಳೂ ಇದ್ದಳು. ರೈತರು ಹುಟ್ಟಿ ಬೆಳೆದುದೆಲ್ಲ ಅದೇ ತಾಲ್ಲೂಕಿನಲ್ಲಿ, ಮನೆಮಾತು ಕನ್ನಡ. ಮಗಳು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು. ಐದನೆಯ ತರಗತಿಗೆ ವಿಜಯಪುರದಲ್ಲಿದ್ದ ಸೋದರಮಾವನ ಮನೆಗೆ ಹೋಗಿ, ಹತ್ತನೆಯ ತರಗತಿಯನ್ನು ಅಲ್ಲಿಯೇ ಮುಗಿಸಿದಳು. ಅಷ್ಟರಲ್ಲಿ ಮಾವನವರಿಗೆ ವರ್ಗವಾಯಿತು. ವಸತಿಗೃಹದ ಖರ್ಚು ಭರಿಸಲಾರದೆ ತಂದೆಯವರು ಮುಂದಿನ ಎರಡು ವರ್ಷಗಳ ವಿದ್ಯಾಭ್ಯಾಸಕ್ಕೆ ಅವಳನ್ನು ಸಾಂಗಲಿಯ ನೆಂಟರಲ್ಲಿ ಇರಿಸಿದರು. ಹುಡುಗಿ ವೈದ್ಯಳಾಗಬೇಕೆಂದು ಹಂಬಲಿಸಿದವಳು. ಅದಕ್ಕೆ ತಕ್ಕ ಅಂಕಗಳೂ ಬಂದುವು.

ಅರ್ಜಿ ಹಾಕುವ ಹೊತ್ತಿಗೆ ತೊಡಕು ಕಾಣಿಸಿಕೊಂಡಿತು. ಕರ್ನಾಟಕದ ಪಾಲಿನ ಸ್ಥಾನಗಳಿಗೆ ಅರ್ಹರಾಗಲು ಕನಿಷ್ಠ ಏಳು ವರ್ಷ ಆ ರಾಜ್ಯದಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಅವಳು ಓದಿದ್ದು ಆರು ವರ್ಷ. ಗಡಿನಾಡ ಕನ್ನಡಿಗರಿಗಾಗಿ ಇರುವ ವಿಶೇಷ ವಿಧಿಯ ಪ್ರಕಾರ ಜತ್ತ ತಾಲ್ಲೂಕಿನಲ್ಲಿ ಏಳು ವರ್ಷ ಓದಿರಬೇಕು. ಅಲ್ಲಿ ಓದಿದ್ದು ನಾಲ್ಕೇ ವರ್ಷ. ಹಾಗಾದರೆ ಮಹಾರಾಷ್ಟ್ರದ ಪಾಲಿನಲ್ಲಿ ಕೇಳೋಣವೆಂದರೆ, ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜುಗಳ ರಾಜ್ಯದ ಪಾಲಿಗೆ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳೆರಡನ್ನೂ ಮಹಾರಾಷ್ಟ್ರದಲ್ಲಿಯೇ ತೇರ್ಗಡೆ ಹೊಂದಿರಬೇಕು. ಅವಳ ಹತ್ತನೆಯ ತರಗತಿ ವಿಜಯಪುರದ್ದು. ಅತ್ತ ದರಿ, ಇತ್ತ ಪುಲಿ. ಉಳಿದದ್ದು ಅಖಿಲ ಭಾರತ ಪಾಲೊಂದೇ. ಅಲ್ಲಿ ಸ್ವಲ್ಪದರಲ್ಲಿ ತಪ್ಪಿತು. ಈಗ ಅವಳು ಸೊಲ್ಲಾಪುರದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ.

‘ನನ್ನ ಹೆಸರು ಯಾವ ರಾಜ್ಯದ ಪಟ್ಟಿಯೊಳಗ ಐತ್ರಿ?’ ಎಂದು ಆಕೆ ನಮ್ಮನ್ನು ಕೇಳಿದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಅಪೇಕ್ಷೆ ಮಾತ್ರ ಇತ್ತು. ನಮಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ.

ತಂದೆಯವರು ಬಂದಿದ್ದುದು ಮಗಳ ವಿಷಯಕ್ಕಾಗಿ ಅಲ್ಲ. ಅವರಿಗೆ ನಾಲ್ಕನೆಯ ತರಗತಿಯಲ್ಲಿ ಓದುವ ಮಗನೊಬ್ಬನಿದ್ದಾನೆ. ‘ಇವನ್ನ ಆಚೆ ಕಳಸಬೇಕೋ, ಇಲ್ಲೇ ಇಟಗೋಬೇಕೋ, ನೀವು ಹೇಳ್ರಿ. ಅಕ್ಕನ ಗತಿ ತಮ್ಮಗ ಆಗಬಾರದು’ ಎಂದರು. ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಬಾಗಿಲುಗಳು ಎಷ್ಟಿವೆ, ಯಾವ ಬಾಗಿಲಿಗೆ ಯಾವ ಬೀಗ ಎಂಬುದನ್ನು ಮೊದಲು ವಿಚಾರಿಸಬೇಕು.

ಹೊರರಾಜ್ಯದ ವಿದ್ಯಾರ್ಥಿಯ ಪ್ರಶ್ನೆ ನಮ್ಮ ದೇಶದಲ್ಲಿ ಹೊಸತಲ್ಲ. ಸಂವಿಧಾನ ಜಾರಿಗೆ ಬಂದ ಐದೇ ವರ್ಷಗಳಲ್ಲಿ, 1955ರಲ್ಲಿ, ಇಂದೂರಿನ ವೈದ್ಯಕೀಯ ಕಾಲೇಜಿನಲ್ಲಿ ಹೊರಗಿನವರಿಂದ ಮಾತ್ರ ಹೆಚ್ಚಿನ ಹಣ ವಸೂಲು ಮಾಡುತ್ತಿದ್ದ ನಿಯಮವು ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಜನ್ಮಸ್ಥಾನ ಬೇರೆ, ನಿವಾಸ ಬೇರೆ. ಜನ್ಮಸ್ಥಾನದ ಮೇಲೆ ಭೇದವೆಣಿಸುವುದನ್ನು ಸಂವಿಧಾನ ನಿಷೇಧಿಸಿದೆಯೇ ಹೊರತು ನಿವಾಸದ ಮೇಲೆ ಅಲ್ಲ ಎಂದು ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿಯಿತು. ರಾಜ್ಯವು ತನ್ನ ಜನರ ತೆರಿಗೆಯ ಹಣದಿಂದ ಕಾಲೇಜು ಕಟ್ಟಿದ ಮೇಲೆ ತನ್ನ ಮಕ್ಕಳಿಗೆ ಮೊದಲ ಪಂಕ್ತಿ ಹಾಕುವುದು ಸಹಜವೆಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅದಾಗ್ಯೂ ಇಡೀ ಪಂಕ್ತಿಯನ್ನೇ ಒಳಗಿನವರಿಗೆ ಮೀಸಲಿಡಬಹುದೇ? 1984ರ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಕೂಡದೆಂದಿತು. ಅದರ ಫಲವಾಗಿ 1986ರಲ್ಲಿ ರೂಪುಗೊಂಡ ಏರ್ಪಾಟಿನಂತೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೂರು ಸ್ಥಾನಗಳಲ್ಲಿ 15ನ್ನು ಇಡೀ ದೇಶಕ್ಕೆ ತೆರೆದಿಡಲಾಯಿತು. ಸ್ನಾತಕೋತ್ತರ ವೈದ್ಯಕೀಯ ವ್ಯಾಸಂಗದಲ್ಲಂತೂ ನಿವಾಸದ ಮೇಲಿನ ಮೀಸಲಾತಿಯೇ ಸಲ್ಲದೆಂದು 2025ರ ಜನವರಿಯಲ್ಲಿ ತೀರ್ಪಾಗಿದೆ. ಆದುದರಿಂದ ಎಂ.ಬಿ.ಬಿ.ಎಸ್. ಮುಗಿಸಿದ ನಮ್ಮ ಮಕ್ಕಳಿಗೆ ಮುಂದಿನ ಮೆಟ್ಟಿಲಿನಲ್ಲಿ ಗಡಿಯ ಕಾಟ ಕಡಿಮೆ. ಕಷ್ಟವಿರುವುದು ಮೊದಲ ಮೆಟ್ಟಿಲಿನಲ್ಲಿ.

ಮೊದಲನೆಯ ಬಾಗಿಲು ಈ ಅಖಿಲ ಭಾರತ ಪಾಲು. ಇಲ್ಲಿ ಯಾರೂ ನಿಮ್ಮ ಊರನ್ನು ಕೇಳುವುದಿಲ್ಲ. ಮೈಸೂರಿನ ಹಳೆಯ ಸರ್ಕಾರಿ ವೈದ್ಯಕೀಯ ಕಾಲೇಜಾಗಲಿ, ಹುಬ್ಬಳ್ಳಿಯದಾಗಲಿ, ನೀಟ್ ಪರೀಕ್ಷೆಯ ಶ್ರೇಣಿಯೊಂದರಿಂದಲೇ ಪ್ರವೇಶ ದೊರೆಯಬಹುದು. ಸಂಭವ ಎಷ್ಟೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. 150 ಸ್ಥಾನಗಳ ಕಾಲೇಜೊಂದರಲ್ಲಿ ಈ ಪಾಲು 22 ಅಥವಾ 23 ಮಾತ್ರ. ಅದಕ್ಕೆ ಇಡೀ ದೇಶದ ಇಪ್ಪತ್ತು ಲಕ್ಷಕ್ಕೂ ಮಿಕ್ಕ ಪರೀಕ್ಷಾರ್ಥಿಗಳಲ್ಲಿ ಮುಂದಿನ ಸಾಲಿನವರು ಸ್ಪರ್ಧಿಸುತ್ತಾರೆ. ಇದನ್ನೊಂದನ್ನೇ ನಂಬಿ ಕುಳಿತುಕೊಳ್ಳುವುದು ಮಳೆಯನ್ನೇ ನಂಬಿ ಬಾವಿ ತೋಡದ ಒಕ್ಕಲುತನದಂತೆ.

ಎರಡನೆಯ ಬಾಗಿಲು ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳದು. ಸುರತ್ಕಲ್ಲಿನ ಸಂಸ್ಥೆ ನಮ್ಮವರಿಗೆ ಚಿರಪರಿಚಿತ; 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಪ್ರಾರಂಭವಾದದ್ದು. ಇಂತಹ ಸಂಸ್ಥೆಗಳಲ್ಲಿ ಅರ್ಧ ಸ್ಥಾನಗಳು ಸ್ವಂತ ರಾಜ್ಯದವರಿಗೆ, ಅರ್ಧ ಹೊರಗಿನವರಿಗೆ. ಸ್ವಂತ ರಾಜ್ಯ ಯಾವುದೆಂಬುದನ್ನು ಹನ್ನೆರಡನೆಯ ತರಗತಿಯನ್ನು ಎಲ್ಲಿ ತೇರ್ಗಡೆ ಹೊಂದಿದರೆಂಬುದರ ಮೇಲೆ ನಿಶ್ಚಯಿಸುತ್ತಾರೆ; ಹುಟ್ಟಿದ ಊರು, ಮನೆಮಾತು ಇಲ್ಲಿ ಲೆಕ್ಕಕ್ಕಿಲ್ಲ. ಮಂಜೇಶ್ವರದ ಹುಡುಗನಿಗೆ ಸುರತ್ಕಲ್ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರ. ಆದರೆ ಅವನು ಹನ್ನೆರಡನೆಯ ತರಗತಿಯನ್ನು ಕೇರಳದಲ್ಲಿ ಮುಗಿಸಿದರೆ ಅವನ ‘ಸ್ವಂತ’ ಸಂಸ್ಥೆ ಕೋಯಿಕ್ಕೋಡಿನದು. ಸುರತ್ಕಲ್ಲಿನಲ್ಲಿ ಅವನು ಹೊರಗಿನವನು. ಬೇಡಿಕೆಯುಳ್ಳ ವಿಭಾಗಗಳಲ್ಲಿ ಹೊರಗಿನವರಿಗೆ ಬೇಕಾಗುವ ಶ್ರೇಣಿ ಸಾಮಾನ್ಯವಾಗಿ ಒಳಗಿನವರಿಗಿಂತ ಬಿಗಿಯಾಗಿರುತ್ತದೆ. ಅದೇ ಹುಡುಗ ಕೊನೆಯ ಎರಡು ವರ್ಷ ಮಂಗಳೂರಿನಲ್ಲಿ ಓದಿ ಅಲ್ಲಿ ತೇರ್ಗಡೆಯಾದರೆ ಸುರತ್ಕಲ್ಲಿನ ಒಳಪಂಕ್ತಿಗೆ ಬರುತ್ತಾನೆ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ರೀತಿ ಇನ್ನೊಂದು. ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸ್ಥಾನಗಳನ್ನು ಮೀಸಲಿಡಬೇಕೆಂಬ 2020ರ ತಿದ್ದುಪಡಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ ಅದೇ ವರ್ಷ ರದ್ದುಗೊಳಿಸಿತು. ಮರುವರ್ಷ ಸಂಸ್ಥೆಯೇ ಸ್ವತಃ ಅಂತಹ ಏರ್ಪಾಟನ್ನು ಕೈಗೊಂಡಿತು. ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅದು ಅನ್ವಯಿಸುತ್ತದೆ. ನಮ್ಮ ಬಹುಪಾಲು ಮಕ್ಕಳು ಅಲ್ಲಿ ಉಳಿದ ದೇಶದವರೊಡನೆಯೇ ಸ್ಪರ್ಧಿಸಬೇಕಾಗುತ್ತದೆ. ಒಂದು ಕಡೆ ಎರಡು ವರ್ಷ ಸಾಕು, ಇನ್ನೊಂದು ಕಡೆ ಏಳು ಬೇಕು, ಮತ್ತೊಂದು ಕಡೆ ಹತ್ತು. ನಮ್ಮ ಹಿರಿಯರು ಗೊಂದಲಕ್ಕೀಡಾಗುವುದು ಆಶ್ಚರ್ಯವಲ್ಲ.

ಮೂರನೆಯದು ನಮ್ಮದೇ ಆದ ಬಾಗಿಲು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆಂದು ಪ್ರತ್ಯೇಕ ವಿಧಿಯಿದೆ. ಕಾಸರಗೋಡಿನ ವಿವಾದಿತ ಪ್ರದೇಶ ಮತ್ತು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ವಾಸಿಸಿ, ಅಲ್ಲಿಯೇ ಏಳು ವರ್ಷ ಓದಿ, ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ಅಲ್ಲಿಯೇ ತೇರ್ಗಡೆ ಹೊಂದಿರಬೇಕು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಪರೀಕ್ಷಾ ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಇಷ್ಟಾದರೆ ನಿಮ್ಮ ಮಗು ಕರ್ನಾಟಕದ ಪಾಲಿನ ಸ್ಥಾನಗಳಿಗೆ ಅರ್ಹತೆ ಪಡೆಯುತ್ತದೆ. 1967ರ ಮಹಾಜನ ಆಯೋಗದ ವರದಿಯನ್ನು ಬಲ್ಲವರಿಗೆ ಈ ಊರುಗಳ ಹೆಸರುಗಳು ಪರಿಚಿತವಾಗಿಯೇ ಕಾಣುತ್ತವೆ. ಭೂಪಟದಲ್ಲಿ ಆ ವರದಿ ಜಾರಿಗೆ ಬರಲಿಲ್ಲ. ಪ್ರವೇಶದ ಕೈಪಿಡಿಯಲ್ಲಿ ಮಾತ್ರ ಅದರ ನೆರಳು ಉಳಿದಿದೆ. ಅತ್ತ ಮಹಾರಾಷ್ಟ್ರವೂ, ತನ್ನದೆಂದು ಕೇಳುತ್ತಿರುವ ಕರ್ನಾಟಕದ 865 ಗ್ರಾಮಗಳ ಮರಾಠಿ ಮಕ್ಕಳಿಗೆ ತನ್ನ ತಾಂತ್ರಿಕ ಕಾಲೇಜುಗಳಲ್ಲಿ ಇಂತಹದೇ ಅನುಕೂಲ ಕಲ್ಪಿಸಿದೆ. ಮಾತು ಯಾವುದಾದರೇನು, ಗಡಿಯ ತಂದೆತಾಯಿಗಳ ಚಿಂತೆ ಒಂದೇ ಬಗೆಯದು.

ಈ ವಿಧಿಯ ಮಿತಿಯನ್ನೂ ಹೇಳದೆ ಇರಲಾಗದು. ತಾಳವಾಡಿ, ಹೊಸೂರು, ಆದವಾನಿ, ರಾಯದುರ್ಗ, ಮಡಕಶಿರ ಇವುಗಳ ಹೆಸರು ಈ ಪಟ್ಟಿಯಲ್ಲಿಲ್ಲ. ಅಲ್ಲಿನ ಕನ್ನಡ ಶಾಲೆಗಳಲ್ಲಿ ಓದುವ ಮಕ್ಕಳ ಕನ್ನಡವೇನು ಕಡಿಮೆಯದೇ? ಹೊರನಾಡು ಕನ್ನಡಿಗರ ವಿಧಿಯ ಷರತ್ತುಗಳು ಬೇರೆಯಾಗಿರುವುದರಿಂದ ಆ ಭಾಗದ ಹಿರಿಯರು ಆಯಾ ವರ್ಷದ ಕೈಪಿಡಿಯನ್ನು ಸಾಲುಸಾಲಾಗಿ ಓದಿಯೇ ಮುಂದುವರಿಯಬೇಕು. ಗಡಿನಾಡಿನ ಪಟ್ಟಿಯನ್ನು ವಿಸ್ತರಿಸಬೇಕೆಂದು ನಮ್ಮ ಸಂಘಸಂಸ್ಥೆಗಳು ಒಕ್ಕೊರಲಿನಿಂದ ಕೇಳುವುದು ನ್ಯಾಯವೆಂದು ನಾವು ಭಾವಿಸುತ್ತೇವೆ.

ಇನ್ನೊಂದು ಮಿತಿ ಬಡವರಿಗೆ ಹೆಚ್ಚು ತಟ್ಟುವಂಥದು. ಒಂದು ರಾಜ್ಯದಲ್ಲಿ ಪಡೆದ ಪರಿಶಿಷ್ಟ ಜಾತಿ ಅಥವಾ ಪಂಗಡದ ಸೌಲಭ್ಯ ಮತ್ತೊಂದು ರಾಜ್ಯದ ಮೀಸಲಾತಿಗೆ ಒದಗದೆಂದು 1990ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಗಡಿ ದಾಟಿದೊಡನೆ ಆ ಮಗು ಸಾಮಾನ್ಯ ವರ್ಗದಲ್ಲಿ ನಿಲ್ಲಬೇಕಾಗುತ್ತದೆ. ಆದರೆ ಕೇಂದ್ರ ಸಂಸ್ಥೆಗಳಲ್ಲಿಯೂ ವೈದ್ಯಕೀಯದ ಅಖಿಲ ಭಾರತ ಪಾಲಿನಲ್ಲಿಯೂ ಆ ಸೌಲಭ್ಯ ಕುಂದಿಲ್ಲದೆ ದೊರೆಯುತ್ತದೆ. ಹಿಂದುಳಿದ ವರ್ಗದವರಿಗೂ 2021ರಿಂದ ಅಖಿಲ ಭಾರತ ಪಾಲಿನಲ್ಲಿ ಶೇಕಡಾ 27 ಮೀಸಲಾತಿ ಬಂದಿದೆ. ಅಂತಹ ಕುಟುಂಬಗಳು ಈ ಬಾಗಿಲುಗಳನ್ನೇ ಮೊದಲು ತಟ್ಟುವುದು ವಿವೇಕ.

ಇನ್ನು ನಾಲ್ಕನೆಯ ಬಾಗಿಲು. ನಮ್ಮವರು ಬಹಳ ಮಂದಿ ಇದನ್ನು ಮರೆತೇಬಿಡುತ್ತಾರೆ. ಅದು ನಾವು ವಾಸಿಸುವ ರಾಜ್ಯದ ಬಾಗಿಲು. ಮನೆಮಾತು ಕನ್ನಡವಾದರೂ ಹಕ್ಕಿನಲ್ಲಿ ನಾವು ಅಲ್ಲಿಯ ಒಳಗಿನವರೇ. ಆಚೆಯ ಆಸೆಯಿಂದ ಮಗುವನ್ನು ಅಕಾಲದಲ್ಲಿ ಕಳುಹಿಸಿ, ಇತ್ತಲಿನ ಹಕ್ಕನ್ನು ಕಳೆದುಕೊಂಡವರು ಎಷ್ಟೋ ಜನ.

ಒಂದೊಂದು ಗಡಿಯ ಲೆಕ್ಕ ಒಂದೊಂದು ಬಗೆ. ಮಹಾರಾಷ್ಟ್ರದವರ ಮಾತನ್ನು ಮೇಲೆಯೇ ಹೇಳಿದೆವು. ವೈದ್ಯಕೀಯಕ್ಕೆ ಹತ್ತೂ ಹನ್ನೆರಡೂ ಅಲ್ಲಿಯೇ ಆಗಬೇಕು. ಕೇರಳದಲ್ಲಿ ಹಾಗಿಲ್ಲ. ವಿದ್ಯಾರ್ಥಿಯಾಗಲಿ ತಂದೆತಾಯಿಗಳಲ್ಲೊಬ್ಬರಾಗಲಿ ಅಲ್ಲಿ ಹುಟ್ಟಿದ್ದರೆ ಆ ಮಗುವನ್ನು ಕೇರಳೀಯನೆಂದೇ ಎಣಿಸುತ್ತಾರೆ. ಆದುದರಿಂದ ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿ ಮುಂದಿನ ಎರಡು ವರ್ಷ ಮಂಗಳೂರಿನಲ್ಲಿ ಓದಿದರೂ ಕೇರಳದ ಹಕ್ಕು ಅವಳಿಗೆ ಉಳಿಯುತ್ತದೆ. ಊರಿನ ಏಳು ವರ್ಷಗಳೂ ಹತ್ತನೆಯ ತರಗತಿಯ ತೇರ್ಗಡೆಯೂ ಇರುವುದರಿಂದ ಗಡಿನಾಡಿನ ವಿಧಿಯೂ ಅವಳಿಗೆ ಸಲ್ಲುತ್ತದೆ. ತಮಿಳುನಾಡಿನಲ್ಲಿ ಇಂಜಿನಿಯರಿಂಗಿಗೆ ರಾಜ್ಯದ ಪ್ರವೇಶ ಪರೀಕ್ಷೆಯೇ ಇಲ್ಲ. ಹನ್ನೆರಡನೆಯ ತರಗತಿಯ ಅಂಕಗಳೇ ಆಧಾರ. ಅದಲ್ಲದೆ, ಆರರಿಂದ ಹನ್ನೆರಡನೆಯ ತರಗತಿಯವರೆಗೆ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಓದಿದವರಿಗೆ 2020ರಿಂದ ವೈದ್ಯಕೀಯದಲ್ಲಿ ಶೇಕಡಾ 7.5 ಸ್ಥಾನಗಳನ್ನು ಕಾದಿರಿಸಿದ್ದಾರೆ. ಮರುವರ್ಷ ಇಂಜಿನಿಯರಿಂಗ್ ಮೊದಲಾದ ವ್ಯಾಸಂಗಗಳಿಗೂ ಅದನ್ನು ವಿಸ್ತರಿಸಿದರು. ತಾಳವಾಡಿಯ ಸರ್ಕಾರಿ ಶಾಲೆಯ ಹುಡುಗನನ್ನು ಎಂಟನೆಯ ತರಗತಿಗೆ ಚಾಮರಾಜನಗರಕ್ಕೆ ಕಳುಹಿಸಿದರೆ ಈ ಹಕ್ಕು ಅಲ್ಲಿಗೆ ಮುಗಿಯಿತು. ಆಂಧ್ರದಲ್ಲಿ 1974ರ ರಾಷ್ಟ್ರಪತಿಗಳ ಆದೇಶವೇ ಮೂಲ. ಅದರಂತೆ ನೂರಕ್ಕೆ 85 ಸ್ಥಾನಗಳು ಸ್ಥಳೀಯರಿಗೆ. ಅರ್ಹತಾ ಪರೀಕ್ಷೆಯವರೆಗಿನ ಕೊನೆಯ ನಾಲ್ಕು ವರ್ಷಗಳ ಓದು ಒಂದೇ ಸಮನೆ ಆ ಪ್ರದೇಶದಲ್ಲಿ ನಡೆದಿರುವುದು ಸ್ಥಳೀಯತೆಯ ಮುಖ್ಯ ಆಧಾರ. ರಾಯದುರ್ಗದ ಮಗುವನ್ನು ಕೊನೆಯ ಎರಡು ವರ್ಷಕ್ಕೆ ಬಳ್ಳಾರಿಗೆ ಸೇರಿಸುವ ಮೊದಲು ಈ ಮಾತನ್ನು ನೆನೆಯುವುದೊಳ್ಳೆಯದು.

ಈಗ ಜತ್ತದ ರೈತರ ಪ್ರಶ್ನೆಗೆ ಬರೋಣ. ಹುಡುಗನನ್ನು ಊರಲ್ಲಿಯೇ ಉಳಿಸಿಕೊಳ್ಳಿರೆಂದು ನಾವು ಹೇಳಿದೆವು. ಅವನು ಒಂದರಿಂದ ಹತ್ತರವರೆಗೆ ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಅಲ್ಲಿಯೇ ತೇರ್ಗಡೆಯಾದರೆ ಗಡಿನಾಡಿನ ವಿಧಿ ಅವನಿಗೆ ಸಲ್ಲುತ್ತದೆ. ಕರ್ನಾಟಕದ ಬಾಗಿಲು ತೆರೆಯುತ್ತದೆ. ಬಳಿಕ ಹನ್ನೆರಡನೆಯ ತರಗತಿಯನ್ನು ಸಾಂಗಲಿಯಲ್ಲಿಯೋ ಸೊಲ್ಲಾಪುರದಲ್ಲಿಯೋ ಮುಗಿಸಿದರೆ ಮಹಾರಾಷ್ಟ್ರದ ಬಾಗಿಲೂ ಮುಚ್ಚುವುದಿಲ್ಲ. ಅಖಿಲ ಭಾರತದ್ದು ಹೇಗೂ ಇದ್ದೇ ಇದೆ. ಅಕ್ಕನಿಗೆ ಒಂದೇ ಬಾಗಿಲು ಉಳಿದಿತ್ತು. ಊರು ಬಿಡದ ತಮ್ಮನಿಗೆ ಮೂರು ತೆರೆದಿರುತ್ತವೆ. ಅಕ್ಕನನ್ನು ವಿಜಯಪುರಕ್ಕೆ ಕಳುಹಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಕೊನೆಯ ಎರಡು ವರ್ಷವೂ ಅವಳು ಅಲ್ಲಿಯೇ ಇದ್ದಿದ್ದರೆ ಎಂಟು ವರ್ಷಗಳಾಗಿ ಕರ್ನಾಟಕದ ಸಾಮಾನ್ಯ ನಿಯಮವೇ ಅವಳನ್ನು ಒಳಕ್ಕೆ ಕರೆದುಕೊಳ್ಳುತ್ತಿತ್ತು. ಕೆಟ್ಟದ್ದು ಅರ್ಧ ಅತ್ತ, ಅರ್ಧ ಇತ್ತ ಆದುದರಿಂದ.

ಈ ಲೆಕ್ಕ ಬರಿಯ ಪ್ರವೇಶದ ಲೆಕ್ಕವಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಗಡಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂದು ನಾವು ಆಗಾಗ್ಗೆ ಕೊರಗುತ್ತೇವೆ. ‘ಇಲ್ಲಿ ಓದಿದರೆ ಮುಂದೆ ಗತಿಯಿಲ್ಲ’ ಎಂಬ ಮಾತು ಅದಕ್ಕೆ ಒಂದು ಕಾರಣ. ಪಟ್ಟಿಯಲ್ಲಿರುವ ತಾಲ್ಲೂಕುಗಳಲ್ಲಾದರೂ ಆ ಮಾತು ನಿಜವಲ್ಲ. ಊರ ಶಾಲೆಯಲ್ಲಿ ಕಳೆದ ಏಳು ವರ್ಷಗಳೇ ಅಲ್ಲಿ ಅರ್ಹತೆಯ ಮೂಲ. ಶಾಲೆ ಮುಚ್ಚಿದರೆ ಆ ಏಳು ವರ್ಷಗಳನ್ನು ಕನ್ನಡದಲ್ಲಿ ಓದುವುದು ಎಲ್ಲಿ?

ಕನ್ನಡ ಪರೀಕ್ಷೆಯ ಬಗ್ಗೆ ತಾಯಂದಿರಿಗೊಂದು ಮಾತು. ಅದು ಪ್ರಾಥಮಿಕ ಶಾಲೆಯ ಮಟ್ಟದ್ದು. ಕನ್ನಡ ಶಾಲೆಯ ಮಕ್ಕಳಿಗೆ ಹೂವಿನಷ್ಟು ಹಗುರ. ಆದರೆ ಮನೆಯಲ್ಲಿ ಕನ್ನಡವಾಡುತ್ತ ಶಾಲೆಯಲ್ಲಿ ಅಕ್ಷರ ಕಲಿಯದೆ ಬೆಳೆದ ಮಕ್ಕಳು ಅಲ್ಲಿ ತಡವರಿಸುತ್ತಾರೆ. ಹತ್ತು ವರ್ಷ ದುಡಿದು ಗಳಿಸಿದ ಅಂಕಗಳು ಒತ್ತಕ್ಷರ ಬಾರದುದರಿಂದ ವ್ಯರ್ಥವಾಗಬಾರದು. ದಿನಕ್ಕೆ ಅರ್ಧ ಗಂಟೆ ಓದಿಸಿ, ಒಂದು ಪುಟ ಬರೆಯಿಸಿದರೆ ಸಾಕು.

ಮತ್ತೊಂದು ಎಚ್ಚರಿಕೆ. ನೀಟ್ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಕನ್ನಡದಲ್ಲಿಯೇ ಬರೆಯಬೇಕೆನ್ನುವ ಕಾಸರಗೋಡಿನ ಮಗು ಮಂಗಳೂರಿನಂತಹ ಕೇಂದ್ರವನ್ನು, ಅಕ್ಕಲಕೋಟದ ಮಗು ಕಲಬುರಗಿಯಂತಹ ಕೇಂದ್ರವನ್ನು ಅರ್ಜಿಯಲ್ಲಿಯೇ ಆರಿಸಿಕೊಳ್ಳಬೇಕು. ಪರೀಕ್ಷೆಯ ದಿನ ಕೇಳಿದರೆ ಪ್ರಯೋಜನವಿಲ್ಲ.

ಕೊನೆಯದಾಗಿ ನಮ್ಮ ವಿನಂತಿಯಿಷ್ಟು. ನಿಮ್ಮ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಇಂದೇ ಒಂದು ಹಾಳೆ ತೆಗೆದುಕೊಂಡು ಒಂದರಿಂದ ಹನ್ನೆರಡರವರೆಗೆ ಅಂಕೆಗಳನ್ನು ಬರೆಯಿರಿ. ಪ್ರತಿ ಅಂಕೆಯ ಎದುರಿಗೆ ಶಾಲೆಯ ಹೆಸರು, ಊರು, ತಾಲ್ಲೂಕು, ರಾಜ್ಯಗಳನ್ನು ನಮೂದಿಸಿರಿ. ಮುಂದಿನ ವರ್ಷಗಳ ಎದುರಿಗೆ ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ಊರನ್ನು ಬರೆದು, ಯಾವ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂದು ಎಣಿಸಿ ನೋಡಿರಿ. ವ್ಯಾಸಂಗ ಪ್ರಮಾಣಪತ್ರಗಳನ್ನು ಆಯಾ ಶಾಲೆಯನ್ನು ಬಿಡುವಾಗಲೇ ಪಡೆದು ಜೋಪಾನವಾಗಿಡಿರಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟಾದ್ದರಿಂದ ಆಯಾ ವರ್ಷದ ಕೈಪಿಡಿಯೇ ಅಂತಿಮವೆಂದು ತಿಳಿಯಿರಿ.

ಜತ್ತದವರು ಹೊರಡುವ ಮೊದಲು ಆ ಹುಡುಗಿಯೇ ನಮ್ಮ ಮೇಜಿನ ಮೇಲೆ ತಮ್ಮನ ಹೆಸರಿನಲ್ಲಿ ಅಂತಹ ಹಾಳೆಯೊಂದನ್ನು ಬರೆದಳು. ಹತ್ತು ಅಂಕೆಗಳ ಎದುರಿಗೂ ತಮ್ಮ ಊರಿನ ಹೆಸರನ್ನೇ ಬರೆದು, ಎರಡು ಸಲ ಎಣಿಸಿ, ಮಡಿಸಿ ತಂದೆಯ ಕೈಗಿತ್ತಳು. ಅವಳ ಪ್ರಶ್ನೆಗೆ ನಾವು ಕೊಡಬಹುದಾಗಿದ್ದ ಉತ್ತರ ಆಗ ಹೊಳೆಯಿತು. ಅವಳ ಹೆಸರು ಮೂರು ಪಟ್ಟಿಗಳಲ್ಲಿ ಇರಬೇಕಾಗಿತ್ತು. ಇಲ್ಲದೆ ಹೋದುದು ಅವಳ ತಪ್ಪಿನಿಂದಲ್ಲ; ಈ ಲೆಕ್ಕವನ್ನು ಅವಳ ತಂದೆಗೆ ಸಕಾಲದಲ್ಲಿ ತಿಳಿಸಿಕೊಡುವವರು ಯಾರೂ ಇರಲಿಲ್ಲ. ಆ ಕೊರತೆಯಲ್ಲಿ ನಮ್ಮಂತಹ ಪತ್ರಿಕೆಗಳವರ ಪಾಲೂ ಉಂಟೆಂದು ಒಪ್ಪಿಕೊಂಡು ಈ ತಿಂಗಳ ಮಾತನ್ನು ಮುಗಿಸುತ್ತೇವೆ.